ಮಳೆಯ ಊರಿಗೆ ಹೊರಡುವ ಮುನ್ನ

ನಾರ್ವೆ ದೇಶದ ಪಡುವಣ ಕರಾವಳಿಯಲ್ಲಿ ಬರ್ಗೆನ್ ಎಂಬ ಊರಿದೆ. ಏಳು ಬೆಟ್ಟಗಳ ನಡುವೆ, ಸಮುದ್ರಕ್ಕೆ ಮುಖ ಮಾಡಿ ಕೂತ ಊರು. ಅಲ್ಲಿ ವರ್ಷಕ್ಕೆ 2,200 ಮಿಲಿಮೀಟರಿಗೂ ಹೆಚ್ಚು ಮಳೆ. ವರ್ಷದ 200ಕ್ಕೂ ಹೆಚ್ಚು ದಿನ ಒಂದಿಲ್ಲೊಂದು ಹೊತ್ತಿನಲ್ಲಿ ಹನಿ ಬೀಳುತ್ತದೆ. 2006ರ ಅಕ್ಟೋಬರ್ ಕೊನೆಗೆ ಹಿಡಿದ ಮಳೆ 2007ರ ಜನವರಿ ಮೂರನೇ ವಾರದವರೆಗೆ, ಒಂದು ದಿನವೂ ತಪ್ಪದೆ, 85 ದಿನ ಬಂತು. ಆ ಊರಿನ ಹವಾಮಾನ ಸಂಶೋಧಕರ ಗುಂಪೊಂದು ನನ್ನನ್ನು ಪುಟ್ಟದೊಂದು ಅಧ್ಯಯನ ಭೇಟಿಗೆ ಕರೆದಿದೆ. ನಾನು ಯಾದಗಿರಿ ಜಿಲ್ಲೆಯ ವಡಗೇರಾದವಳು. ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಈಗ ಸಂಶೋಧನೆ ಮಾಡುತ್ತಿದ್ದೇನೆ. ವಿಷಯ: ನಮ್ಮ ಒಣಬೇಸಾಯದ ಹೊಲಗಳಲ್ಲಿ ತೊಗರಿ ಬಿತ್ತಿದ ಮೇಲೆ ಮಳೆ ಕೈಕೊಡುವ ದಿನಗಳು.

ಸುದ್ದಿ ಕೇಳಿ ಪಕ್ಕದ ಹೊಲದ ಕಾಕಾ ಒಂದು ಮಾತು ಕೇಳಿದರು. “ಅಲ್ಲ ಯವ್ವಾ, ವರ್ಷಾನಗಟ್ಟಲೆ ಮಳಿ ಸುರಿಯೋ ಊರಾಗ, ಮಳಿ ಬರದ ಊರಿನ ಮಾತು ಯಾರು ಕೇಳ್ತಾರ?”

ಅದು ಸರಿಯಾದ ಪ್ರಶ್ನೆ. ಇಂಥ ಭೇಟಿಗೆ ಹೊರಡುವ ಯಾರಾದರೂ ಪಾಸ್‌ಪೋರ್ಟ್ ಹುಡುಕುವ ಮೊದಲು ತಮಗೆ ತಾವೇ ಕೇಳಿಕೊಳ್ಳಬೇಕಾದದ್ದೂ ಅದೇ: ಬೇರೆಲ್ಲ ಬಿಟ್ಟು ಆ ಊರಿಗೇ ಯಾಕೆ ಹೋಗಬೇಕು? ಕಾಕಾನಿಗೆ ಅವತ್ತು ಹೊಲದ ಬದುವಿನಲ್ಲಿ ನಿಂತು ಹೇಳಿದ್ದನ್ನೇ ಇಲ್ಲೂ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬರ್ಗೆನ್ ಹಿಂದಿನಿಂದಲೂ ವ್ಯಾಪಾರದ ಊರು. ಅದರ ಹಳೆಯ ಬಂದರಿನ ದಂಡೆಯಲ್ಲಿ ಸಾಲಾಗಿ ನಿಂತ ಮರದ ಮನೆಗಳಿಗೆ ಬ್ರಿಗ್ಗೆನ್ ಎನ್ನುತ್ತಾರೆ. 1979ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಶತಮಾನಗಳ ಕಾಲ ಜರ್ಮನ್ ವರ್ತಕರು ಅಲ್ಲಿ ಕೂತು ಉತ್ತರದಿಂದ ಬಂದ ಒಣಮೀನು ಕೊಂಡು, ಬದಲಿಗೆ ಧಾನ್ಯ ಮಾರಿದರು. ನಾರ್ವೆಯ ನೆಲದಲ್ಲಿ ಉತ್ತುಬಿತ್ತಲು ಬರುವುದು ನೂರಕ್ಕೆ ಮೂರು ಪಾಲು ಮಾತ್ರ. ಉಳಿದದ್ದು ಬೆಟ್ಟ, ಕಾಡು, ಕಲ್ಲು, ಹಿಮ. ಮೊದಲ ಮಹಾಯುದ್ಧದಲ್ಲಿ ಹೊರಗಿನ ಧಾನ್ಯ ಬರುವುದು ಕಷ್ಟವಾಯಿತು. ಇದ್ದ ಚೂರು ಹೊಲದಲ್ಲೇ ಹೆಚ್ಚು ಬೆಳೆಯಬೇಕು, ಕೊಯ್ಲಿನ ಹೊತ್ತಿಗೆ ಮಳೆ ಬಂದು ಬೆಳೆ ಕೊಳೆಯಬಾರದು. ಆದರೆ ಹವಾಮಾನ ಹೇಳಲು ಬೇಕಾದ ತಂತಿಸುದ್ದಿ ಯುದ್ಧದ ಕಾರಣಕ್ಕೆ ಇಂಗ್ಲೆಂಡಿನಿಂದ ಬರುವುದು ನಿಂತುಹೋಗಿತ್ತು. ಪಡುವಣದಿಂದ ಬರುವ ಮೋಡದ ಸುಳಿವು ಕೊಡುವವರೇ ಇರಲಿಲ್ಲ.

1917ರಲ್ಲಿ ವಿಲ್ಹೆಲ್ಮ್ ಬ್ಯರ್ಕ್ನೆಸ್ ಎಂಬ ಭೌತವಿಜ್ಞಾನಿ ಜರ್ಮನಿಯ ಲೈಪ್‌ಜಿಗ್ ಬಿಟ್ಟು ಬರ್ಗೆನ್‌ಗೆ ಬಂದರು. ಮರುವರ್ಷ, 1918ರ ಬೇಸಿಗೆಯಲ್ಲಿ, ಪಡುವಣ ನಾರ್ವೆಯ ರೈತರಿಗಾಗಿ ಹವಾಮಾನ ಮುನ್ಸೂಚನೆ ಆರಂಭಿಸಿದರು. ಹೊರಗಿನ ಸುದ್ದಿ ಬರದಿದ್ದರೇನು, ನಮ್ಮ ಕರಾವಳಿಯಲ್ಲೇ ದಟ್ಟವಾಗಿ ಜನ ಕೂರಿಸೋಣ ಎಂದು ಊರೂರಿಗೆ ವೀಕ್ಷಕರನ್ನು ನೇಮಿಸಿದರು. ಗಾಳಿ ಯಾವ ಕಡೆಯದು, ಮೋಡ ಎಂಥದು, ಮಳೆ ಎಷ್ಟು ಹೊತ್ತಿಗೆ ಶುರುವಾಯಿತು ಎಂಬ ಲೆಕ್ಕ ಬರತೊಡಗಿತು. ಆ ದಟ್ಟವಾದ ಲೆಕ್ಕವನ್ನು ನಕ್ಷೆಯ ಮೇಲೆ ಬರೆದಾಗ ಯಾರೂ ಅಲ್ಲಿಯವರೆಗೆ ಸ್ಪಷ್ಟವಾಗಿ ಕಾಣದ ಒಂದು ಸಂಗತಿ ಕಂಡಿತು: ತಣ್ಣನೆಯ ಗಾಳಿಯೂ ಬೆಚ್ಚನೆಯ ಗಾಳಿಯೂ ಕೂಡುವ ಕಡೆ ಒಂದು ಗಡಿ ಇರುತ್ತದೆ, ಮಳೆ ಹುಟ್ಟುವುದು ಆ ಗಡಿಯ ಉದ್ದಕ್ಕೆ. ವಿಲ್ಹೆಲ್ಮರ ಮಗ ಯಾಕೋಬ್ ಬ್ಯರ್ಕ್ನೆಸ್ ತಮ್ಮ ಇಪ್ಪತ್ತರ ಹರೆಯದ ಆರಂಭದಲ್ಲೇ, 1919ರಲ್ಲಿ, ಇದನ್ನು ಬರೆದು ಪ್ರಕಟಿಸಿದರು. ಯುದ್ಧ ಆಗಷ್ಟೇ ಮುಗಿದಿದ್ದರಿಂದ ಆ ಗಡಿಗೆ ರಣರಂಗದ ಮಾತನ್ನೇ ತಂದು ‘ಫ್ರಂಟ್’ ಎಂದರು. ಇವತ್ತು ಪ್ರಪಂಚದ ಯಾವುದೇ ಹವಾಮಾನ ಪುಸ್ತಕ ತೆರೆದರೂ ಆ ಪದವಿದೆ.

ರೈತರ ಕೊಯ್ಲು ಉಳಿಸಲು ಹುಟ್ಟಿದ ವಿಜ್ಞಾನ ಅದು. ಕಾಕಾನಿಗೆ ಮೊದಲು ಹೇಳಿದ್ದು ಇದನ್ನೇ.

ಎರಡನೆಯ ಎಳೆ ನಮ್ಮ ದೇಶಕ್ಕೇ ಬರುತ್ತದೆ. 1877ರಲ್ಲಿ, ಮತ್ತೆ 1899ರಲ್ಲಿ ಮುಂಗಾರು ಕೈಕೊಟ್ಟು ದೇಶ ದೊಡ್ಡ ಬರಗಾಲ ಕಂಡಿತ್ತು. 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿ ಬಂದ ಗಿಲ್ಬರ್ಟ್ ವಾಕರ್ ಎಂಬ ಗಣಿತಜ್ಞ, ಮುಂದಿನ ಮುಂಗಾರು ಹೇಗಿದ್ದೀತು ಎಂದು ಮೊದಲೇ ಹೇಳಲು ಇಪ್ಪತ್ತು ವರ್ಷ ಪ್ರಪಂಚದ ಮೂಲೆಮೂಲೆಯ ವಾಯುಭಾರದ ಲೆಕ್ಕ ಕೂಡಿಸಿದರು. ಶಾಂತ ಸಾಗರದ ಒಂದು ಬದಿಯಲ್ಲಿ ವಾಯುಭಾರ ಏರಿದಾಗ ಹಿಂದೂ ಸಾಗರದ ಕಡೆ ಇಳಿಯುತ್ತದೆ, ಅದು ಏರಿದಾಗ ಇದು ಇಳಿಯುತ್ತದೆ ಎಂಬುದು ಅವರಿಗೆ ಸಿಕ್ಕಿತು. ಯಾಕೆ ಹಾಗೆ ಎಂಬುದು ಮಾತ್ರ ಸಿಗಲಿಲ್ಲ. ಅದನ್ನು ಬಿಡಿಸಿ ಹೇಳಿದವರು ಅದೇ ಬರ್ಗೆನ್‌ನ ಯಾಕೋಬ್ ಬ್ಯರ್ಕ್ನೆಸ್. ಆಗ ಅವರು ಅಮೆರಿಕದಲ್ಲಿದ್ದರು. 1969ರಲ್ಲಿ, ಶಾಂತ ಸಾಗರದ ನೀರು ಬಿಸಿಯಾಗುವ ಎಲ್ ನಿನ್ಯೊಗೂ ವಾಕರ್ ಕಂಡ ವಾಯುಭಾರದ ಏರಿಳಿತಕ್ಕೂ ಇರುವ ನಂಟನ್ನು ತೋರಿಸಿ, ಸಮಭಾಜಕದ ಉದ್ದಕ್ಕೆ ಪೂರ್ವ-ಪಶ್ಚಿಮವಾಗಿ ತಿರುಗುವ ಗಾಳಿಯ ಚಕ್ರಕ್ಕೆ ‘ವಾಕರ್ ಪರಿಚಲನೆ’ ಎಂದು ಹೆಸರಿಟ್ಟರು. ಭಾರತದ ಬರದಿಂದ ಎದ್ದ ಪ್ರಶ್ನೆಗೆ ಬರ್ಗೆನ್‌ನಲ್ಲಿ ಪಳಗಿದ ಕೈ ಉತ್ತರ ಬರೆಯಿತು. 2023ರಲ್ಲಿ ಎಲ್ ನಿನ್ಯೊ ಬಂದಾಗ ನಮ್ಮ ರಾಜ್ಯ ಸರ್ಕಾರ 223 ತಾಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಹಾಗೆಂದು ಎಲ್ ನಿನ್ಯೊ ಬಂದಾಗೆಲ್ಲ ಬರ ಬರುತ್ತದೆ ಎನ್ನುವಂತಿಲ್ಲ. 1997ರ ಎಲ್ ನಿನ್ಯೊ ಶತಮಾನದ ದೊಡ್ಡವುಗಳಲ್ಲಿ ಒಂದು. ಆ ವರ್ಷ ದೇಶದ ಮುಂಗಾರು ಹೆಚ್ಚುಕಡಿಮೆ ಸರಿಯಾಗಿಯೇ ಆಯಿತು. ಹಿಂದೂ ಸಾಗರಕ್ಕೂ ತನ್ನದೇ ಬಿಸಿ-ತಂಪಿನ ಆಟವಿದೆ ಎಂಬುದು ಅದರ ಮುಂದಿನ ವರ್ಷಗಳಲ್ಲಿ ಗೊತ್ತಾಯಿತು. ಟಿವಿಯಲ್ಲಿ ಎಲ್ ನಿನ್ಯೊ ಎಂದ ಕೂಡಲೇ ಬೀಜ ಕೊಳ್ಳುವುದನ್ನೇ ಕೈಬಿಡುವ ರೈತರಿದ್ದಾರೆ. ಅವರಿಗೆ ಈ ಮಾತು ತಲುಪಬೇಕು ಎಂಬ ಆಸೆ ನನ್ನದು.

ಇಷ್ಟು ಗೊತ್ತಾದ ಮೇಲೆ ಕಾಗದಪತ್ರದ ಕೆಲಸಕ್ಕೆ ಇಳಿದೆ. ನಮ್ಮ ಭಾಗದ ಹುಡುಗ-ಹುಡುಗಿಯರು ಹೆದರುವುದು ಇದಕ್ಕೇ ಆದ್ದರಿಂದ ಇದನ್ನೂ ಹೇಳಿಬಿಡುತ್ತೇನೆ.

ಮೊದಲ ತೊಡಕು ಹೆಸರಿನದು. ನಮ್ಮಲ್ಲಿ ಶಾಲೆಯ ದಾಖಲೆಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ ಹೆಸರು ಇರುತ್ತದೆ. ಒಂದರಲ್ಲಿ ತಂದೆಯ ಹೆಸರು ಜೊತೆಗೆ, ಇನ್ನೊಂದರಲ್ಲಿ ಅಡ್ಡಹೆಸರು, ಮತ್ತೊಂದರಲ್ಲಿ ಬರೀ ಒಂದಕ್ಷರ. ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಮೊದಲೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಮುಂದಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಹೊಂದಿಸಿಕೊಳ್ಳಿ. ವೀಸಾ ಸಿಗುವುದು ಪಾಸ್‌ಪೋರ್ಟಿನ ಹೆಸರಿಗೆ, ಟಿಕೆಟ್ ಇರಬೇಕಾದ್ದೂ ಅದೇ ಹೆಸರಿಗೆ, ಆಹ್ವಾನ ಪತ್ರವೂ ಅದೇ ಹೆಸರಿಗೆ. ನಾನು ಕಲಬುರಗಿಯ ಪಾಸ್‌ಪೋರ್ಟ್ ಕೇಂದ್ರಕ್ಕೆ ಹೋದೆ. ಪೊಲೀಸ್ ಪರಿಶೀಲನೆ ಊರಿನ ಠಾಣೆಯಿಂದ ಆಗುತ್ತದೆ. ಕೇಳಿದ ದಿನ ಮೂಲ ದಾಖಲೆ ಹಿಡಿದು ಹೋದರೆ ಅದು ದೊಡ್ಡ ಕೆಲಸವೇನಲ್ಲ.

ನಾರ್ವೆ ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಆದರೆ ಶೆಂಗೆನ್ ಒಪ್ಪಂದದಲ್ಲಿ ಇದೆ. ಆದ್ದರಿಂದ ಬೇಕಾದದ್ದು ಶೆಂಗೆನ್ ವೀಸಾ. 180 ದಿನಗಳ ಅವಧಿಯಲ್ಲಿ 90 ದಿನ ಮೀರದಂತೆ ಇರಬಹುದು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, 15 ದಿನ ಮುಂಚೆ ಕಡೆಯ ಗಡುವು. ಕಡೆಯವರೆಗೆ ಕಾಯಬೇಡಿ, ತೀರ್ಮಾನಕ್ಕೆ 45 ದಿನದವರೆಗೂ ಹಿಡಿಯಬಹುದು. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೊ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಅಲ್ಲಿಂದ ಹೊರಡುವ ದಿನದ ನಂತರವೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಹಾಳೆ ಖಾಲಿ ಇರಬೇಕು. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ನಾರ್ವೆಗೆ ಅರ್ಜಿಯನ್ನು ಅವರ ವಲಸೆ ಇಲಾಖೆಯ ಜಾಲತಾಣದಲ್ಲಿ ತುಂಬಿ, ಶುಲ್ಕ ಕಟ್ಟಿ, ಆಮೇಲೆ ಬೆಂಗಳೂರಿನ ವೀಸಾ ಅರ್ಜಿ ಕೇಂದ್ರದಲ್ಲಿ ದಾಖಲೆ ಕೊಟ್ಟು ಬೆರಳಚ್ಚು ಹಾಕಬೇಕು. ಬೇರೆ ಶೆಂಗೆನ್ ದೇಶದಲ್ಲಿ ವಿಮಾನ ಬದಲಿಸಿದರೂ, ಹೆಚ್ಚು ದಿನ ಇರುವ ದೇಶದ ಹೆಸರಿನಲ್ಲೇ ಅರ್ಜಿ. 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಬೆರಳಚ್ಚು, ಮುಖಚಿತ್ರ ದಾಖಲಿಸುವ ಹೊಸ ವ್ಯವಸ್ಥೆ ಶುರುವಾಗಿದೆ. ಅದು ನಡೆಯುವುದು ಶೆಂಗೆನ್ ನೆಲಕ್ಕೆ ಮೊದಲು ಕಾಲಿಡುವ ಕಡೆ. ಆದ್ದರಿಂದ ಎರಡು ವಿಮಾನಗಳ ನಡುವೆ ಬಿಡುವು ಹೆಚ್ಚೇ ಇಟ್ಟುಕೊಂಡಿದ್ದೇನೆ.

ಇವೆಲ್ಲದರ ನಡುವೆ ತೂಕವಿರುವ ಕಾಗದ ಒಂದೇ: ಆಹ್ವಾನ ಪತ್ರ. ಯಾರು ಕರೆದರು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಅಲ್ಲಿ ಏನು ಕೆಲಸ, ಉಳಿಯುವ ಜಾಗ ಎಲ್ಲಿ, ಯಾವ ಖರ್ಚು ಯಾರದು, ಇಷ್ಟೂ ಅದರಲ್ಲಿ ಇರಬೇಕು. ನಮ್ಮ ವಿಶ್ವವಿದ್ಯಾಲಯದ ರಜೆ ಮಂಜೂರಾತಿ ಮತ್ತು ನಿರಾಕ್ಷೇಪಣಾ ಪತ್ರದಲ್ಲೂ ಅದೇ ತಾರೀಖು, ಅದೇ ಕೆಲಸ ಕಾಣಬೇಕು. ಹೊಂದಾಣಿಕೆ ಇದ್ದರೆ ಅಧಿಕಾರಿಗೆ ಅನುಮಾನಕ್ಕೆ ಎಡೆ ಇರುವುದಿಲ್ಲ. ಇನ್ನೊಂದು ಮಾತು. ನಾರ್ವೆಯ ಸರ್ಕಾರಿ ವಿಶ್ವವಿದ್ಯಾಲಯಗಳು 2023ರಿಂದ ಯುರೋಪಿನ ಹೊರಗಿನ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕ ಹಾಕುತ್ತಿವೆ. ಅದು ಪದವಿಗೆ ಸೇರುವವರಿಗೆ. ಆಹ್ವಾನದ ಮೇಲೆ ಕೆಲ ದಿನ ಹೋಗಿ ಬರುವ ಸಂಶೋಧಕರಿಗೆ ಅದು ತಾಗದು. ಶುಲ್ಕದ ಸುದ್ದಿ ಓದಿ ಹಿಂಜರಿದ ಗೆಳತಿಯರಿದ್ದಾರೆ ಎಂದೇ ಬರೆದೆ.

ತಾರೀಖಿನ ವಿಷಯಕ್ಕೆ ಬಂದರೆ, ಅಲ್ಲಿಯವರು ದಿನಗಳನ್ನು ವರ್ಷದ ವಾರದ ಸಂಖ್ಯೆಯಿಂದ ಗುರುತಿಸುತ್ತಾರೆ. ನನ್ನ ಅತಿಥೇಯರು ಬರೆದದ್ದು “44ನೇ ವಾರ ನಿಮಗೆ ಅನುಕೂಲವೇ?” ಎಂದು. ಅಪ್ಪ ಪಂಚಾಂಗ ನೋಡಿ, “ಅಂದ್ರ ಸ್ವಾತಿ ಮಳಿ ದಿನ” ಎಂದರು. ಜುಲೈ ಬೇಡ ಎಂದು ನಾನೇ ಮೊದಲು ಹೇಳಿದ್ದೆ. ಒಂದು ಕಡೆ ಇಲ್ಲಿ ಬಿತ್ತನೆ ಕಾಲ, ಇನ್ನೊಂದು ಕಡೆ ಆ ತಿಂಗಳು ನಾರ್ವೆಯ ಕಚೇರಿಗಳು ರಜೆಯಲ್ಲಿ ಬರಿದಾಗಿರುತ್ತವೆ. ಸೆಪ್ಟೆಂಬರ್ ಕೂಡ ಆಗದು, ನಮ್ಮ ಭಾಗಕ್ಕೆ ಅದೇ ದೊಡ್ಡ ಮಳೆಯ ತಿಂಗಳು. ದಸರೆ ಮುಗಿಸಿ, ತೊಗರಿ ಹೂವಿಗೆ ಬರುವ ಹೊತ್ತಿಗೆ ಹೊರಡುವುದು ಎಂದಾಯಿತು. ಅಕ್ಟೋಬರಿನ ಕಡೆಯ ಭಾನುವಾರ ಯುರೋಪಿನಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಅಲ್ಲಿಯವರೆಗೆ ನಮಗೂ ಅವರಿಗೂ ಮೂರೂವರೆ ಗಂಟೆ ಅಂತರ, ಆಮೇಲೆ ನಾಲ್ಕೂವರೆ. ಅವ್ವ ಫೋನ್ ಮಾಡುವ ಹೊತ್ತನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ಬಣ್ಣದಲ್ಲಿ ಬರೆದಿಟ್ಟಿದ್ದೇನೆ.

ಉಡುಪಿನ ಬಗ್ಗೆ ಎಲ್ಲರೂ ಕೇಳುವುದು ಚಳಿಯನ್ನು. 60ನೇ ಅಕ್ಷಾಂಶದಲ್ಲಿದ್ದರೂ ಬರ್ಗೆನ್ ಕೊರೆಯುವ ಊರಲ್ಲ. ಅಟ್ಲಾಂಟಿಕ್ ಸಾಗರದ ಬಿಸಿ ಪ್ರವಾಹ ಕರಾವಳಿಗೆ ತಾಗಿ ಹರಿಯುವುದರಿಂದ ಜನವರಿಯ ಸರಾಸರಿ ಉಷ್ಣತೆಯೂ ಸೊನ್ನೆಗಿಂತ ಮೇಲಿರುತ್ತದೆ. ಆ ಬೆಚ್ಚನೆ ಸಾಗರದಿಂದ ಹಸಿ ಗಾಳಿ ಎದ್ದು ಬೆಟ್ಟಕ್ಕೆ ಡಿಕ್ಕಿ ಹೊಡೆದು ಮೇಲೇರಿ ಮಳೆಯಾಗುತ್ತದೆ. ನಮ್ಮ ಪಶ್ಚಿಮ ಘಟ್ಟದಲ್ಲಿ ನಡೆಯುವುದೂ ಇದೇ. ಆಗುಂಬೆಯ ಮಳೆಯ ಮುಂದೆ ಬರ್ಗೆನ್‌ನದು ಕಡಿಮೆಯೇ, ಆದರೆ ಆಗುಂಬೆಯ ಮಳೆ ನಾಲ್ಕು ತಿಂಗಳಿನದು, ಬರ್ಗೆನ್‌ನ ಮಳೆ ವರ್ಷವಿಡೀ. ಗಾಳಿಯೂ ಜೋರಾದ್ದರಿಂದ ಕೊಡೆ ನಂಬಬೇಡಿ, ಟೋಪಿ ಇರುವ ಒಳ್ಳೆಯ ಮಳೆಕೋಟು, ನೀರು ಇಳಿಯದ ಬೂಟು ತನ್ನಿ ಎಂದು ಅತಿಥೇಯರು ಬರೆದಿದ್ದಾರೆ. ಒಳಗೆ ಉಣ್ಣೆಯ ಬನಿಯನ್, ಹತ್ತಿಯದಲ್ಲ. ಉಣ್ಣೆ ತೊಯ್ದರೂ ಬಿಸುಪು ಬಿಡುವುದಿಲ್ಲ, ಹತ್ತಿ ತೊಯ್ದರೆ ಮೈಯ ಬಿಸಿಯನ್ನೇ ಹೀರುತ್ತದೆ. ಕಂಬಳಿ ಕೊಪ್ಪಿ ಹಾಕಿಕೊಂಡು ಮಳೆಯಲ್ಲಿ ಕುರಿ ಕಾಯುವ ನಮ್ಮ ಕಡೆಯವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಊಟಕ್ಕೆ ಅವ್ವ ಕಟಕು ರೊಟ್ಟಿ ಬಡಿಯುತ್ತಿದ್ದಾಳೆ. ಜೋಳದ ರೊಟ್ಟಿ ಒಣಗಿಸಿ ಜೋಡಿಸಿದರೆ ವಾರಗಟ್ಟಲೆ ಕೆಡದು. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ. ಹಾಲಿನಿಂದ ಮಾಡಿದ್ದು, ಮಾಂಸದ್ದು ಹೊರದೇಶದಿಂದ ಒಯ್ಯುವಂತಿಲ್ಲ. ಹಾಗಾಗಿ ಪೇಡೆ, ತುಪ್ಪ ಇಲ್ಲ. ಕಾಕಾ ಒಂದು ಹಿಡಿ ಎರೆಮಣ್ಣು ಒಯ್ದು ತೋರಿಸು ಎಂದರು. ಮಣ್ಣು, ಬಿತ್ತನೆ ಬೀಜ ಎರಡನ್ನೂ ಅನುಮತಿ ಇಲ್ಲದೆ ಗಡಿ ದಾಟಿಸಬಾರದು, ರೋಗ-ಕೀಟ ಹರಡುತ್ತವೆ ಎಂದು ಹೇಳಿ, ಬೇಸಿಗೆಯಲ್ಲಿ ಬಾಯಿಬಿಟ್ಟ ಹೊಲದ ಚಿತ್ರ ತೆಗೆದುಕೊಂಡೆ. ಬಿರುಕಿನ ಪಕ್ಕ ಕಾಕಾ ತಮ್ಮ ಬಾರುಕೋಲು ಇಟ್ಟು ಅಳತೆ ಕಾಣುವಂತೆ ಮಾಡಿದರು. ನಾರ್ವೆಯ ಜನ ಮಧ್ಯಾಹ್ನಕ್ಕೆ ಮನೆಯಿಂದಲೇ ಬ್ರೆಡ್ಡಿನ ಪೊಟ್ಟಣ ಕಟ್ಟಿಕೊಂಡು ಬಂದು ಹನ್ನೊಂದು-ಹನ್ನೆರಡರೊಳಗೆ ತಿಂದು ಮುಗಿಸುತ್ತಾರಂತೆ. ನಮ್ಮ ಹೊಲದ ಬುತ್ತಿಯಂತೆಯೇ ಅದು, ಆದ್ದರಿಂದ ನನ್ನ ರೊಟ್ಟಿ ಗಂಟು ಬಿಚ್ಚಲು ಅಲ್ಲಿ ಸಂಕೋಚವಿರದು. ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು. ದುಡ್ಡು ಯೂರೊ ಅಲ್ಲ, ಕ್ರೋನ. ನೋಟು ಕೊಡುವವರು ವಿರಳ, ಎಲ್ಲ ಕಾರ್ಡಿನಲ್ಲೇ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ.

ಇಷ್ಟಾದರೆ ತಯಾರಿ ಮುಗಿಯಿತು ಎಂದುಕೊಳ್ಳುವವರು ಹೆಚ್ಚು. ನನ್ನ ಮಟ್ಟಿಗೆ ಇದು ಚಿಕ್ಕ ಪಾಲು. ಪುಟ್ಟ ಭೇಟಿಯಲ್ಲಿ ಅಲ್ಲಿಗೆ ಹೋಗಿ ಯೋಚನೆ ಮಾಡಲು ಹೊತ್ತಿರುವುದಿಲ್ಲ. ಪ್ರಶ್ನೆ ಇಲ್ಲಿಂದಲೇ ಹದವಾಗಿ ಹೋಗಬೇಕು, ಲೆಕ್ಕ ಇಲ್ಲಿಂದಲೇ ಹೋಗಬೇಕು. ಅದಕ್ಕಾಗಿ ನನ್ನ ಹೆಚ್ಚಿನ ದಿನಗಳು ಕಳೆದದ್ದು ಅಪ್ಪನ ಹಳೆಯ ವಹಿಗಳ ಮುಂದೆ.

ಅಪ್ಪ ಮಳೆ ಬರೆದಿಟ್ಟಿರುವುದು ಇಂಗ್ಲಿಷ್ ತಾರೀಖಿನಲ್ಲಿ ಅಲ್ಲ, ನಕ್ಷತ್ರದಲ್ಲಿ. ಮಿರಗ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ, ಮಘ, ಹುಬ್ಬಿ, ಉತ್ತರಿ, ಹಸ್ತ, ಚಿತ್ತಿ, ಸ್ವಾತಿ. ಸೂರ್ಯ ಒಂದೊಂದು ನಕ್ಷತ್ರ ದಾಟಲು ಹದಿಮೂರು-ಹದಿನಾಲ್ಕು ದಿನ ತೆಗೆದುಕೊಳ್ಳುವುದರಿಂದ ಪ್ರತಿ ಮಳೆಗೂ ಅಷ್ಟು ಅವಧಿ. ಮಿರಗ ಜೂನ್ 7-8ಕ್ಕೆ ಕೂಡುತ್ತದೆ, ಉತ್ತರಿ ಸೆಪ್ಟೆಂಬರ್ ನಡುವಿಗೆ. ಹಾಗಾಗಿ ನಕ್ಷತ್ರದಿಂದ ತಾರೀಖಿಗೆ ತರುವುದು ಸುಲಭ. ಕಷ್ಟವಿರುವುದು ಮಳೆಯ ಅಳತೆಯಲ್ಲಿ. ವಹಿಯಲ್ಲಿ ಮಿಲಿಮೀಟರ್ ಇಲ್ಲ. ‘ಗೇಣು ಹಸಿ’, ‘ಮೊಳ ಹಸಿ’, ‘ಬದು ಹರಿದು ಹೋತು’ ಎಂದಿದೆ. ನೆಲ ಎಷ್ಟು ಆಳ ತೊಯ್ದಿದೆ ಎಂಬುದು ರೈತನಿಗೆ ಬೇಕಾದ ಅಳತೆ, ಬೀಜ ಮೊಳೆಯುವುದು ಅದರ ಮೇಲೆ. ಎರೆಭೂಮಿ ಬೇಸಿಗೆಯಲ್ಲಿ ಬಿರಿಯುತ್ತದೆ. ಮೊದಲ ಮಳೆ ಬಿರುಕಿನೊಳಗೆ ಇಳಿದುಹೋಗುತ್ತದೆ. ಬಿರುಕು ಮುಚ್ಚಿದ ಮೇಲೆ ಅದೇ ಭೂಮಿ ನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಂಡು, ಹಿಂಗಾರಿ ಜೋಳವನ್ನು ಆ ಹಸಿಯಲ್ಲೇ ಬೆಳೆಸಿಬಿಡುತ್ತದೆ. ಆದ್ದರಿಂದ ಜೂನ್‌ನ ಗೇಣು ಹಸಿಗೂ ಸೆಪ್ಟೆಂಬರಿನ ಗೇಣು ಹಸಿಗೂ ಬೇಕಾದ ಮಳೆ ಒಂದೇ ಅಲ್ಲ. ನಾನು ಅದನ್ನು ಬಲವಂತವಾಗಿ ಮಿಲಿಮೀಟರಿಗೆ ತಿರುಗಿಸಲಿಲ್ಲ. ಅಪ್ಪನ ಮಾತನ್ನು ಒಂದು ಕಲಮಿನಲ್ಲಿ ಹಾಗೆಯೇ ಇಟ್ಟೆ, ಪಕ್ಕದ ಕಲಮಿನಲ್ಲಿ ಹತ್ತಿರದ ಮಳೆಮಾಪಕದ ಅಂಕಿ ಬರೆದೆ.

ಮನೆಯ ವಹಿಗೆ ಇಷ್ಟು ಬೆಲೆ ಯಾಕೆ? ಭಾರತ ಹವಾಮಾನ ಇಲಾಖೆಯ ಬಳಿ 1901ರಿಂದ ಈಚಿನ ದೈನಂದಿನ ಮಳೆಯ ಲೆಕ್ಕ ಚೌಕ ಚೌಕವಾಗಿ ಇದೆ. ಕಾಲು ಡಿಗ್ರಿಯ ಒಂದೊಂದು ಚೌಕ ಸುಮಾರು 25 ಕಿಲೋಮೀಟರ್ ಅಗಲ. ಅಂಥ ಅಮೂಲ್ಯ ಲೆಕ್ಕ ಅನೇಕ ದೇಶಗಳಲ್ಲಿ ಇಲ್ಲ. ಆದರೂ ಒಂದು ಚೌಕದೊಳಗೆ ಎಷ್ಟೋ ಹಳ್ಳಿಗಳು ಕೂರುತ್ತವೆ, ಒಂದು ಹಳ್ಳಿಯಲ್ಲಿ ಹಳ್ಳ ಹರಿದ ದಿನ ಪಕ್ಕದ ಹಳ್ಳಿಯಲ್ಲಿ ಧೂಳು ಎದ್ದಿರುತ್ತದೆ. ನಮ್ಮ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಈಗ ಗ್ರಾಮ ಪಂಚಾಯಿತಿಗೊಂದರಂತೆ ತಾನೇ ಸುದ್ದಿ ಕಳಿಸುವ ಮಳೆಮಾಪಕ ಕೂರಿಸಿದೆ. 1918ರಲ್ಲಿ ಬರ್ಗೆನ್‌ನವರು ವೀಕ್ಷಕರನ್ನು ದಟ್ಟವಾಗಿ ಕೂರಿಸಿದ ಹಾಗೆಯೇ ಇದು, ನನಗೆ ಇದರ ಬಗ್ಗೆ ಹೆಮ್ಮೆಯಿದೆ. ಆದರೆ ಅದರ ಹಿಂದಿನ ವರ್ಷಗಳಿಗೆ ಹಳ್ಳಿಯ ಮಟ್ಟದ ಸಾಕ್ಷಿ ಎಂದರೆ ಇಂಥ ವಹಿಗಳೇ. ನಿಮ್ಮ ಮನೆಯ ಅಟ್ಟದಲ್ಲಿ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಇಲಾಖೆಗಳಿಂದ ಪಡೆದ ಅಂಕಿಗಳನ್ನು ಬೇರೆಯವರಿಗೆ ದಾಟಿಸಬಾರದೆಂಬ ಕರಾರು ಸಾಮಾನ್ಯವಾಗಿ ಇರುತ್ತದೆ. ಹಾಗಾಗಿ ಏನನ್ನು ಪರದೆಯ ಮೇಲೆ ತೋರಿಸಬಹುದು, ಏನನ್ನು ಕೈಗೆ ಕೊಡಬಾರದು ಎಂದು ಮಾರ್ಗದರ್ಶಕರ ಜೊತೆ ಕೂತು ಬೇರ್ಪಡಿಸಿದ್ದೇನೆ.

ಆಮೇಲೆ ಪ್ರಶ್ನೆಗಳು. ಹೊರಡುವ ಸುದ್ದಿ ಹಬ್ಬಿದ ಮೇಲೆ ಊರವರು ಕೇಳಿದ್ದನ್ನೆಲ್ಲ ಬರೆದುಕೊಂಡೆ. ಸಂತೆಯಲ್ಲಿ, ಬಸ್ಸಿನಲ್ಲಿ, ಹೊಲದಲ್ಲಿ ಕೇಳಿದ್ದು. ಅವನ್ನು ವಿಂಗಡಿಸುವುದೇ ಒಂದು ದೊಡ್ಡ ಕೆಲಸವಾಯಿತು, ಯಾಕೆಂದರೆ ಎಲ್ಲ ಪ್ರಶ್ನೆಯೂ ಬರ್ಗೆನ್‌ಗೆ ಹೋಗಬೇಕಾದ್ದಲ್ಲ.

ಭೀಮೆಯ ದಂಡೆಯ ಗುರುಸಣಗಿ ಕಡೆಯವರು ಕೇಳಿದ್ದು: “ಮಹಾರಾಷ್ಟ್ರದಾಗ ಮಳಿ ಆದ್ರ ನೀರು ನಮ್ಮಲ್ಲಿಗೆ ಎಷ್ಟು ದಿನಕ್ಕ ಮುಟ್ತದ?” ಅವರು 2020ರ ಅಕ್ಟೋಬರಿನ ಪ್ರವಾಹ ಉಂಡವರು. ಉಜನಿ ಜಲಾಶಯದಿಂದ, ಸೊನ್ನ ಬ್ಯಾರೇಜಿನಿಂದ ಬಿಟ್ಟ ನೀರು ಹೊಲ ಮುಳುಗಿಸಿತ್ತು. ಇದಕ್ಕೆ ಉತ್ತರ ನಾರ್ವೆಯಲ್ಲಿಲ್ಲ. ಜಲಾಶಯದವರ ಬಳಿ, ನೀರಾವರಿ ಇಲಾಖೆಯ ಬಳಿ, ರಾಜ್ಯದ ಉಸ್ತುವಾರಿ ಕೇಂದ್ರದ ಬಳಿ ಇದೆ. ಕೃಷ್ಣೆಗೆ ನಾರಾಯಣಪುರದಿಂದ ನೀರು ಬಿಟ್ಟಾಗ ಕೊಳ್ಳೂರು ಸೇತುವೆ ಯಾವಾಗ ಮುಳುಗುತ್ತದೆ ಎಂಬುದೂ ಅದೇ ಗುಂಪಿನ ಪ್ರಶ್ನೆ. ತೊಗರಿಯ ಯಾವ ತಳಿ ಬೇಗ ಬರುತ್ತದೆ ಎಂಬುದು ರಾಯಚೂರಿಗೆ, ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಸೇರಿದ್ದು. ನಾಳೆ ಮಳೆ ಇದೆಯೇ ಎಂದು ಕೇಳುವವರಿಗೆ ‘ವರುಣ ಮಿತ್ರ’ ಸಹಾಯವಾಣಿ ಇದೆ. ನಾರ್ವೆಯ ಹವಾಮಾನ ಸಂಸ್ಥೆ 2007ರಿಂದ ನಡೆಸುತ್ತಿರುವ ‘ಯರ್’ ಎಂಬ ಉಚಿತ ಸೇವೆಯಲ್ಲಿ ಯಾದಗಿರಿಯ ಮುನ್ಸೂಚನೆಯೂ ಸಿಗುತ್ತದೆ. ಊರಲ್ಲೇ ಸಿಗುವ ಉತ್ತರಕ್ಕಾಗಿ ಸಮುದ್ರ ದಾಟಿ ಹೋದರೆ ನಮ್ಮವರ ಕೆಲಸಕ್ಕೆ ನಾವೇ ಬೆಲೆ ಕೊಟ್ಟಂತಾಗುವುದಿಲ್ಲ.

ಜರಡಿ ಹಿಡಿದ ಮೇಲೆ ಬರ್ಗೆನ್‌ಗೆ ಉಳಿದವು ಎರಡು.

ಒಂದನ್ನು ಕೇಳಿದವರು ಕೊಂಕಲ್ ಕಡೆಯ ಒಬ್ಬ ಹಿರಿಯ ಹೆಣ್ಣುಮಗಳು, ಸ್ವಂತ ಬೇಸಾಯ ಮಾಡುವವರು. “ಮಿರಗದಾಗ ಬಿತ್ತಿದ್ರ ನಡುವ ಮಳಿ ಹೋಗ್ತದ. ಹೋಗೋದು ಗೊತ್ತದ. ಎಷ್ಟು ದಿನ ಹೋಗ್ತದ ಅಂತ ಬಿತ್ತೋ ಮೊದಲು ಹೇಳಾಕ ಬರ್ತದೇನು?” ಇದು ಪ್ರಪಂಚದ ದೊಡ್ಡ ಹವಾಮಾನ ಪ್ರಶ್ನೆಗಳಲ್ಲಿ ಒಂದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಅವರು ಡಿ.ಆರ್. ಸಿಕ್ಕಾ ಅವರ ಜೊತೆಗೂಡಿ 1980ರಲ್ಲಿ ಉಪಗ್ರಹ ಚಿತ್ರಗಳಿಂದ ತೋರಿಸಿದ್ದು ಇದರ ಮೂಲವನ್ನು: ಮುಂಗಾರಿನ ಮೋಡದ ಪಟ್ಟಿ ಸಮಭಾಜಕದ ಬಳಿಯ ಸಾಗರದಲ್ಲಿ ಹುಟ್ಟಿ, ವಾರಗಳ ಅಂತರದಲ್ಲಿ ಮತ್ತೆ ಮತ್ತೆ ಉತ್ತರಕ್ಕೆ ಸರಿಯುತ್ತದೆ. ಒಂದು ಪಟ್ಟಿ ದಾಟಿ ಇನ್ನೊಂದು ಬರುವವರೆಗಿನ ಸಂದು ನಮ್ಮ ಒಣದಿನ. ಗಾಡ್ಗೀಳ್ ಅವರು ಪಾವಗಡ ಭಾಗದ ಶೇಂಗಾ ರೈತರ ಜೊತೆ ಕೂತು ಬಿತ್ತನೆಯ ತಾರೀಖು ಯಾವುದು ಲೇಸು ಎಂದೂ ಲೆಕ್ಕ ಹಾಕಿದರು. ನನ್ನ ಕೆಲಸಕ್ಕೆ ದಾರಿ ತೋರಿಸಿದ್ದು ಆ ಅಧ್ಯಯನ. ಹವಾಮಾನ ಇಲಾಖೆ ಈಗ ವಾರಕ್ಕೊಮ್ಮೆ ನಾಲ್ಕು ವಾರ ಮುಂದಿನ ಮುನ್ನೋಟ ಕೊಡುತ್ತದೆ, ಅದು ದೊಡ್ಡ ಪ್ರದೇಶಕ್ಕೆ. ಬರ್ಗೆನ್‌ನ ಗುಂಪು ಸಾಗರದ ಉಷ್ಣತೆಯನ್ನು ಗಣಕ ಮಾದರಿಗೆ ಊಡಿಸಿ ತಿಂಗಳು, ಋತು, ವರ್ಷ ಮುಂದಿನದನ್ನು ಹೇಳಲು ಕೆಲಸ ಮಾಡುತ್ತಿದೆ. ಎರೆಭೂಮಿಯ ಒಂದು ತಾಲೂಕಿಗೆ ಅದನ್ನು ಇಳಿಸಿದರೆ ನಂಬಿಕೆ ಎಷ್ಟು ಉಳಿಯುತ್ತದೆ? ಅಪ್ಪನ ವಹಿಯ ಒಣದಿನಗಳ ಜೊತೆ ಅವರ ಮಾದರಿಯ ಹಳೆಯ ಮುನ್ನೋಟಗಳನ್ನು ಒಂದೊಂದಾಗಿ ಇಟ್ಟು ನೋಡುವುದು ಅಲ್ಲಿ ನನ್ನ ಮುಖ್ಯ ಕೆಲಸ. ಗಣಕದ ಖಾತೆ, ಮಾದರಿಯ ಕಡತಗಳ ಅನುಮತಿ ಎರಡನ್ನೂ ಮುಂಚೆಯೇ ಕೇಳಿ ಪಡೆದಿದ್ದೇನೆ, ಹೋದ ದಿನದಿಂದಲೇ ಕೂರಲು.

ಎರಡನೆಯದು ಅಪ್ಪನದು. ಸಾಧ್ಯತೆಯ ಬಗ್ಗೆ ನಾನು ಹೇಳುತ್ತಿದ್ದುದನ್ನು ಕೇಳಿ ಅವರು ಅಂದದ್ದು: “ನೂರಕ್ಕ ಅರವತ್ತು ಅಂದ್ರ ನಾ ಬಿತ್ಲೋ ಬ್ಯಾಡೋ?” ನಾರ್ವೆಯಲ್ಲಿ ರೈತರಿಗೆ, ಮೀನುಗಾರರಿಗೆ ಮುನ್ಸೂಚನೆ ಕೊಡುತ್ತ ನೂರು ವರ್ಷ ದಾಟಿದೆ. ಬರ್ಗೆನ್‌ನಲ್ಲಿ 1918ರಲ್ಲಿ ಶುರುವಾದ ಕಚೇರಿ ಇಂದಿಗೂ ಪಡುವಣ ನಾರ್ವೆಯ ಹವಾಮಾನ ಹೇಳುತ್ತಿದೆ. ಅನುಮಾನವನ್ನು ಜನರಿಗೆ ಯಾವ ಮಾತಿನಲ್ಲಿ ಹೇಳುತ್ತಾರೆ, ತಪ್ಪಿದ ದಿನ ಏನು ಹೇಳುತ್ತಾರೆ, ಕೇಳಿದ ರೈತ ಏನು ಮಾಡುತ್ತಾನೆ ಎಂಬುದನ್ನು ಅಲ್ಲಿ ಕೂತು ನೋಡಬೇಕು. ಆ ಕಚೇರಿಯಲ್ಲಿ ಒಂದು ಬೆಳಗಿನ ಪಾಳಿ ಕಳೆಯಲು ಅವಕಾಶ ಕೊಡಿಸಿ ಎಂದು ಅತಿಥೇಯರಿಗೆ ಬರೆದಿದ್ದೇನೆ, ವಿಚಾರಿಸುತ್ತೇನೆ ಎಂದು ಉತ್ತರ ಬಂದಿದೆ.

ನಾನು ಮಾತಾಡಬೇಕಾದ ದಿನಕ್ಕೆ ಚಿತ್ರಗಳೂ ಸಿದ್ಧವಾಗಿವೆ. ಮೊದಲನೆಯದು ಭೀಮೆ, ಕೃಷ್ಣೆ, ನಡುವೆ ನಮ್ಮ ತಾಲೂಕು. ಎರಡನೆಯದು ಕಾಲುವೆ ನೀರು ಹತ್ತುವ ಭತ್ತದ ಗದ್ದೆಯೂ ಹತ್ತದ ತೊಗರಿ ಹೊಲವೂ ಒಂದೇ ಚೌಕಟ್ಟಿನಲ್ಲಿ. ತೊಗರಿ ಎಂದರೇನು ಎಂದು ಅಲ್ಲಿಯವರಿಗೆ ಗೊತ್ತಿರಲಿಕ್ಕಿಲ್ಲ. ಅದಕ್ಕೆ ಗಿಡ, ಕಾಯಿ, ಬೇಳೆ, ತಟ್ಟೆಯಲ್ಲಿನ ಸಾರು ನಾಲ್ಕನ್ನೂ ಇಟ್ಟಿದ್ದೇನೆ. ಬಾರುಕೋಲಿನ ಪಕ್ಕದ ಬಿರುಕು ಆಮೇಲೆ, ಅಪ್ಪನ ವಹಿಯ ಒಂದು ಪುಟ ಅದರ ನಂತರ. ಅಂಕಿಗಳು ಕಡೆಗೆ. ಅಲ್ಲಿ ಪ್ರಾಧ್ಯಾಪಕರನ್ನೂ ಹೆಸರು ಹಿಡಿದೇ ಕರೆಯುವುದು ರೂಢಿ, ಎದುರು ಮಾತಾಡಿದರೆ ತಪ್ಪು ತಿಳಿಯುವುದಿಲ್ಲ, ಬದಲಿಗೆ ಸುಮ್ಮನೆ ಕೂತರೆ ಹೇಳಲು ಏನೂ ಇಲ್ಲ ಎಂದುಕೊಳ್ಳುತ್ತಾರೆ ಎಂದು ಹೋಗಿಬಂದ ಹಿರಿಯರು ತಿಳಿಸಿದ್ದಾರೆ. ಸರ್, ಮೇಡಂ ಎನ್ನುತ್ತ ಬೆಳೆದ ನಾಲಿಗೆಗೆ ಅಭ್ಯಾಸವಾಗಲಿ ಎಂದು ವಿಭಾಗದ ಗೆಳತಿಯರ ಮುಂದೆ ಪೂರ್ತಿ ಭಾಷಣ ಒಪ್ಪಿಸಿ, ಅಡ್ಡ ಪ್ರಶ್ನೆ ಹಾಕಿಸಿಕೊಂಡಿದ್ದೇನೆ.

ಯಾದಗಿರಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಮರುದಿನ ಬೆಳಗಿಗೆ ಬೆಂಗಳೂರು, ಅಲ್ಲಿಂದ ವಿಮಾನ. ವಹಿಗಳ ಮೂಲ ಪ್ರತಿ ಮನೆಯಲ್ಲೇ ಇರುತ್ತದೆ. ಚಿತ್ತಿ ಮಳೆಯ ಪುಟದವರೆಗೆ ಫೋಟೊ ತೆಗೆದುಕೊಂಡಿದ್ದೇನೆ. ನಾನು ಅಲ್ಲಿರುವಾಗ ಸ್ವಾತಿ ಹನಿದರೆ ಅಪ್ಪ ಬರೆಯುತ್ತಾರೆ, ತಮ್ಮ ಅದರ ಚಿತ್ರ ತೆಗೆದು ಅವತ್ತೇ ಕಳಿಸುತ್ತಾನೆ.